ಮೊದಲು ಆಟ, ಆಮೇಲೆ ಹೆಸರು

ಹಂಪಿಗೆ ಹೋದವರು ತಲೆಯೆತ್ತಿ ಗೋಪುರ ನೋಡುತ್ತಾರೆ, ಕಂಬದ ಕೆತ್ತನೆ ನೋಡುತ್ತಾರೆ. ಕಾಲ ಕೆಳಗಿನ ನೆಲವನ್ನು ನೋಡುವವರು ಕಡಿಮೆ. ಅಲ್ಲಿನ ಹಲವು ಮಂಟಪಗಳ ಹಾಸುಗಲ್ಲಿನ ಮೇಲೆ ಗೀಟುಗಳೂ ಸಣ್ಣ ಕುಳಿಗಳೂ ಇವೆ. ಅವು ಅಲಂಕಾರವಲ್ಲ, ಆಟದ ಮನೆಗಳು. ತ್ರಿಕೋನದೊಳಗೆ ಗೆರೆ ಎಳೆದದ್ದು ಹುಲಿ-ಕುರಿ ಆಟ. ಒಂದರೊಳಗೊಂದು ಮೂರು ಚೌಕಗಳಿದ್ದರೆ ನವಕಂಕರಿ. ಏಳೇಳು ಕುಳಿಗಳ ಎರಡು ಸಾಲಿದ್ದರೆ ಅಳಗುಳಿಮನೆ.

ಇವನ್ನು ಯಾರು, ಯಾವಾಗ ಕೆತ್ತಿದರು ಎಂದು ಖಚಿತವಾಗಿ ಹೇಳುವುದು ಕಷ್ಟ. ಮಂಟಪ ಕಟ್ಟಿದ ಕೆಲಸಗಾರರೇ ಇರಬಹುದು. 1565ರಲ್ಲಿ ರಾಜಧಾನಿ ಹಾಳಾದ ಮೇಲೆ ಅಲ್ಲಿ ನೆರಳಿಗೆ ಕೂತ ದನಗಾಹಿಗಳೂ ಇರಬಹುದು. ವಿಜಯನಗರದ ಅವಶೇಷಗಳ ಸಮೀಕ್ಷೆಗೆ ವರ್ಷಗಟ್ಟಲೆ ದುಡಿದ ಜಾನ್ ಫ್ರಿಟ್ಜ್ ಈ ಗೀಟುಗಳನ್ನೂ ಅಧ್ಯಯನಕ್ಕೆ ಯೋಗ್ಯವೆಂದು ಎಣಿಸಿದರು.

ಹುಲಿ-ಕುರಿಗೆ ಸಾಮಾನ್ಯವಾಗಿ ಬೇಕಾದದ್ದು ಮೂರು ದೊಡ್ಡ ಹರಳು, ಹದಿನೈದು ಸಣ್ಣ ಹರಳು. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಕಟ್ಟಿಹಾಕುತ್ತವೆ. ಪಕ್ಕದಲ್ಲಿ ಕೂತು ನೋಡಿದವನಿಗೆ ಎರಡು ಆಟದೊಳಗೆ ಮರ್ಮ ತಿಳಿಯುತ್ತದೆ. ಕಂಪ್ಲಿಯಿಂದ ಬಂದವನಾಗಲಿ, ಸಂಡೂರಿನಿಂದ ಬಂದವನಾಗಲಿ, ಹರಳು ಇಡುವ ಮೊದಲು ಊರು-ಹೆಸರು ಬರೆಸಬೇಕಿಲ್ಲ.

ಹಾಗೆಂದು ಹಿಂದಿನವರು ಆಟಗಾರನ ಮೇಲೆ ಕಣ್ಣಿಡಲೇ ಇಲ್ಲ ಎನ್ನಲಾಗದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕು, ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲು ಅವನಿಗೆ ಸಲ್ಲಬೇಕು. ಗುಟ್ಟಾಗಿ ಬದುಕುವವರನ್ನು ಪತ್ತೆಹಚ್ಚುವುದೂ ಇದರ ಉದ್ದೇಶ. ಅಂದರೆ ಲೆಕ್ಕ ಇಟ್ಟದ್ದು ಪಣಕ್ಕೆ, ಬರಿಯ ಆಟಕ್ಕಲ್ಲ.

ಆಟ ಕಲ್ಲಿನಿಂದ ಕಂಪ್ಯೂಟರಿಗೆ ಬಂದಾಗಲೂ ಮೊದಮೊದಲು ಬಾಗಿಲು ತೆರೆದೇ ಇತ್ತು. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 'ಡೂಮ್' ಆಟವನ್ನು ಹೊರತಂದಾಗ, ಮೂರು ಭಾಗಗಳಲ್ಲಿ ಮೊದಲನೆಯದನ್ನು ಉಚಿತವಾಗಿ ಬಿಟ್ಟಿತು. ಯಾರು ಬೇಕಾದರೂ ಫ್ಲಾಪಿಯಲ್ಲಿ ನಕಲು ಮಾಡಿಕೊಂಡು ಸ್ನೇಹಿತರಿಗೆ ಹಂಚಬಹುದಿತ್ತು. ರುಚಿ ಹತ್ತಿದವರು ಮಾತ್ರ ಹಣ ಕಳಿಸಿ ಉಳಿದ ಭಾಗ ತರಿಸಿಕೊಂಡರು. ಸಂತೆಯಲ್ಲಿ ಮಾವಿನ ಹೋಳು ಕೊಟ್ಟು ಬುಟ್ಟಿ ಮಾರುವ ಜಾಣ್ಮೆ ಇದು.

ಮೊಬೈಲ್ ಬಂದ ಮೇಲೆ ಕ್ರಮ ಅನೇಕ ಕಡೆ ತಿರುಗುಮುರುಗಾಯಿತು. ಇಂದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಕೂತ ಹುಡುಗ ಹೊಸ ಆಟವೊಂದನ್ನು ತೆರೆದರೆ, ಕಾಯಿ ಕಾಣುವ ಮೊದಲೇ ಫೋನ್ ನಂಬರ್, ಒಟಿಪಿ ಕೇಳುವ ಆಟಗಳಿಗೆ ಕೊರತೆಯಿಲ್ಲ. ಆಟ ಹಿಡಿಸದೆ ಅಳಿಸಿಹಾಕಿದರೂ ಕೊಟ್ಟ ನಂಬರ್ ಅಲ್ಲೇ ಉಳಿಯಬಹುದು.

ನೋಂದಣಿಗೆ ಕಾರಣಗಳೇ ಇಲ್ಲವೆಂದಲ್ಲ. ಗೆದ್ದ ಅಂಕ ಉಳಿಯಬೇಕು, ಮೋಸ ಮಾಡುವವರನ್ನು ತಡೆಯಬೇಕು, ವಯಸ್ಸು ತಿಳಿಯಬೇಕು. ಆದರೆ ಇವೆಲ್ಲ ಆಟಗಾರ ಉಳಿಯುತ್ತೇನೆಂದು ನಿರ್ಧರಿಸಿದ ಮೇಲಿನ ಮಾತು. 'ಅತಿಥಿ'ಯಾಗಿ ಆಡಿ ನೋಡುವ ದಾರಿಯನ್ನು ಕೆಲವು ಆಟಗಳು ಇಂದಿಗೂ ಇಟ್ಟಿವೆ ಎಂಬುದು ಗಮನಾರ್ಹ.

ಕಾನೂನೂ ಈಗ ಈ ಹೊಸ್ತಿಲಿಗೆ ಬಂದಿದೆ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿ ಬಳಸಲು ಪಾಲಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಪಣವನ್ನೂ ಆಟವನ್ನೂ ಬೇರೆಬೇರೆಯಾಗಿ ನೋಡಿದ ಹಳೆಯ ವಿವೇಕ ಇಲ್ಲಿ ಮತ್ತೆ ಕಾಣುತ್ತದೆ. ಹಣದ ಪಣವಿಲ್ಲದ ಆಟಕ್ಕೆ ಒಬ್ಬ ಬಾಲಕ ತನ್ನ ಗುರುತನ್ನೇ ಪಣವಾಗಿ ಇಡಬೇಕೇ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಹಂಪಿಯ ಗೀಟುಗಳು ಕಾಲ್ತುಳಿತಕ್ಕೆ ಸವೆಯುತ್ತಿವೆ. ಇನ್ನೂ ಸ್ಪಷ್ಟವಾಗಿರುವ ಕಡೆ ಮನೆಗಳನ್ನು ಎಣಿಸಿದರೆ ಸಾಕು, ಆಟ ಯಾವುದೆಂದು ತಿಳಿಯುತ್ತದೆ. ಆಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.