ಗೃಹ ಮಟ್ಟದ ಹಣ್ಣು ಸಂಸ್ಕರಣೆ: ಗಾಜಿನ ಬಾಟಲಿಗಳು ಒಡೆಯದಂತೆ ಅನುಸರಿಸಬೇಕಾದ ಕ್ರಮಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಅನಾನಸ್, ಮಾವು, ಮುರುಗಲು ಮುಂತಾದ ಹಣ್ಣುಗಳಿಂದ ಜಾಮ್, ರಸ ಹಾಗೂ ಸಿರಪ್ ತಯಾರಿಸಿ ಗಾಜಿನ ಬಾಟಲಿಗಳಲ್ಲಿ ಸಂಗ್ರಹಿಸುವುದು ರೂಢಿಯಲ್ಲಿದೆ. ಸಂಸ್ಕರಣೆಯ ವೇಳೆ ಬಾಟಲಿ ಒಡೆದಲ್ಲಿ ಸುಟ್ಟ ಗಾಯಗಳಾಗುವುದಲ್ಲದೆ ತಯಾರಿಸಿದ ಪದಾರ್ಥವೂ ನಷ್ಟವಾಗುತ್ತದೆ.

ಒಡೆಯಲು ಕಾರಣಗಳು

ಗಾಜಿನಲ್ಲಿ ಶಾಖವು ನಿಧಾನವಾಗಿ ಹರಡುತ್ತದೆ. ಬಿಸಿ ತಗುಲಿದ ಒಳಭಾಗವು ಹಿಗ್ಗಿ, ಹೊರಭಾಗವು ತಣ್ಣಗೇ ಉಳಿದಾಗ ಬಿರುಕು ಉಂಟಾಗುತ್ತದೆ. ತಳವು ಕಳಚಿ ಬೀಳುವುದು ಇದರ ಸಾಮಾನ್ಯ ಲಕ್ಷಣ. ಬಿಸಿ ಮಾಡದೆ ತಯಾರಿಸುವ ಮುರುಗಲು ಸಿರಪ್‌ನಲ್ಲಿ ಸಕ್ಕರೆ ಪ್ರಮಾಣ ಕಡಿಮೆಯಾದಲ್ಲಿ ಹುದುಗು ಬಂದು, ಅನಿಲದ ಒತ್ತಡದಿಂದಲೂ ಬಾಟಲಿ ಒಡೆಯಬಹುದು.

ಮುನ್ನೆಚ್ಚರಿಕೆ ಕ್ರಮಗಳು

1. ಬಾಟಲಿಯನ್ನು ಬೆಳಕಿಗೆ ಹಿಡಿದು ಪರಿಶೀಲಿಸತಕ್ಕದ್ದು. ಬಾಯಿಯ ಅಂಚು ಚಕ್ಕೆ ಎದ್ದಿರುವ, ಗೀರು ಬಿದ್ದಿರುವ ಬಾಟಲಿಗಳನ್ನು ಬಳಸಬಾರದು. ಒಳಭಾಗಕ್ಕೆ ಲೋಹದ ಚಮಚ ತಾಗಿಸದೆ ಮರದ ಸೌಟನ್ನು ಬಳಸುವುದು.

2. ಖಾಲಿ ಬಾಟಲಿಗಳನ್ನು ತಣ್ಣೀರಿನಲ್ಲಿರಿಸಿ, ನೀರಿನೊಂದಿಗೇ ನಿಧಾನವಾಗಿ ಕಾಯಿಸಿ, ಬಿಸಿಯಿರುವಾಗಲೇ ತುಂಬತಕ್ಕದ್ದು.

3. ತುಂಬುವಾಗ ಬಾಟಲಿಯನ್ನು ಮರದ ಮಣೆ ಅಥವಾ ಒಣ ಬಟ್ಟೆಯ ಮೇಲಿಡುವುದು. ಮಳೆಗಾಲದಲ್ಲಿ ತಂಪಾಗಿರುವ ಸಿಮೆಂಟ್ ನೆಲ ಅಥವಾ ಕಲ್ಲಿನ ಕಟ್ಟೆಯ ಮೇಲೆ ಇಡಬಾರದು. ಜಾಮ್‌ಗೆ ಸುಮಾರು 6 ಮಿ.ಮೀ., ಹಣ್ಣಿನ ಹೋಳುಗಳಿಗೆ ಸುಮಾರು 12 ಮಿ.ಮೀ. ಜಾಗವನ್ನು ಮೇಲ್ಭಾಗದಲ್ಲಿ ಬಿಡುವುದು.

4. ಕುದಿಸುವ ಪಾತ್ರೆಯ ತಳಕ್ಕೆ ದಪ್ಪ ಬಟ್ಟೆ ಹಾಸಿ, ಬಾಟಲಿಗಳು ಒಂದಕ್ಕೊಂದು ತಾಗದಂತೆ ಜೋಡಿಸುವುದು. ಬಿಸಿ ಬಾಟಲಿಗಳನ್ನು ಬಿಸಿ ನೀರಿನಲ್ಲಿಯೇ ಇರಿಸತಕ್ಕದ್ದು.

5. ಘಟ್ಟದ ಮೇಲಿನ ಈ ಪ್ರದೇಶದಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ, ಸಮುದ್ರ ಮಟ್ಟಕ್ಕೆ ನಿಗದಿಪಡಿಸಿದ ಸಂಸ್ಕರಣಾ ಅವಧಿಗೆ 5 ನಿಮಿಷ ಸೇರಿಸುವುದು. ಉರಿಯನ್ನು ಹೆಚ್ಚಿಸಿ ಅವಧಿಯನ್ನು ಕಡಿಮೆ ಮಾಡಲಾಗದು.

6. ಹೊರತೆಗೆದ ಬಾಟಲಿಗಳಿಗೆ ತಣ್ಣೀರು ಅಥವಾ ಗಾಳಿ ತಗುಲದಂತೆ ನೋಡಿಕೊಂಡು, 12ರಿಂದ 24 ಗಂಟೆ ತಾನಾಗಿಯೇ ತಣಿಯಲು ಬಿಡುವುದು.

ಬಾಟಲಿ ಒಡೆದಲ್ಲಿ

ಆ ಬಾಟಲಿಯ ಪದಾರ್ಥವನ್ನು ಸಂಪೂರ್ಣವಾಗಿ ವಿಲೇವಾರಿ ಮಾಡತಕ್ಕದ್ದು. ಸೋಸಿ ಬಳಸಬಾರದು, ಸೂಕ್ಷ್ಮ ಚೂರುಗಳು ಕಣ್ಣಿಗೆ ಕಾಣುವುದಿಲ್ಲ. ನೀರು ತಣಿದ ನಂತರವೇ ಪಾತ್ರೆಗೆ ಕೈ ಹಾಕುವುದು.

ವಿಶೇಷ ಸೂಚನೆ

ಕಳಲೆ, ಹಲಸಿನ ತೊಳೆ ಹಾಗೂ ತರಕಾರಿಗಳಲ್ಲಿ ಆಮ್ಲಾಂಶ ಕಡಿಮೆಯಿರುವುದರಿಂದ ಕುದಿಯುವ ನೀರಿನ ಸಂಸ್ಕರಣೆಯೊಂದೇ ಸುರಕ್ಷಿತವಲ್ಲ. ಮಾರಾಟಕ್ಕಾಗಿ ತಯಾರಿಸುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಪಡೆಯತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.