ಕೇತಿ ಕಣಿವೆಯ ಪರದೇಶಿ ಉಪಾಧ್ಯಾಯರು

ಕೊಯಮತ್ತೂರು ಸೀಮೆಯ ಕನ್ನಡದ ಚರಿತ್ರೆಯನ್ನು ಹೇಳಹೊರಟಾಗ ನಾವು ದೇವಾಂಗರ ಮಗ್ಗ, ಒಕ್ಕಲಿಗರ ಹೊಲ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಕೊಳ್ಳೇಗಾಲ, ಇಷ್ಟಕ್ಕೇ ನಿಲ್ಲುತ್ತೇವೆ. 1868ರಲ್ಲಿ ಬೇರ್ಪಡುವವರೆಗೆ ನೀಲಗಿರಿಯೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದು ನಮ್ಮ ನೆನಪಿಗೆ ಬರುವುದಿಲ್ಲ. ಆ ಬೆಟ್ಟದ ಮೇಲೆ, ಉದಕಮಂಡಲಕ್ಕೆ ಸಮೀಪದ ಕೇತಿ ಕಣಿವೆಯಲ್ಲಿ, ಜರ್ಮನ್ ಮಾತೃಭಾಷೆಯ ಉಪಾಧ್ಯಾಯರು ಬಡಗರ ಮಕ್ಕಳಿಗೆ ಕನ್ನಡ ಕಲಿಸಿದರು.

ಇದಕ್ಕೆ ಕಾರಣನಾದವನು ಸಿವಿಲ್ ಸೇವೆಯಲ್ಲಿದ್ದ ಜಾರ್ಜ್ ಜೇಮ್ಸ್ ಕಾಸಮೇಜರ್. ಕೇತಿಯಲ್ಲಿ ನೆಲೆಸಿ, ತಾನೇ ಕನ್ನಡ ಕಲಿತು, ಬಡಗರಿಗಾಗಿ ಶಾಲೆ ತೆರೆದು, ಬಾಸೆಲ್ ಮಿಶನ್ನಿನವರನ್ನು ಬರಮಾಡಿಕೊಂಡನು. 1849ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಭಾಗವನ್ನು ಅವರಿಗೇ ಬಿಟ್ಟನು. 1846ರಲ್ಲಿ ಮೊದಲು ಬಂದ ಗಾಟ್‌ಫ್ರೀಡ್ ವೈಗ್ಲೆ ಕನ್ನಡವನ್ನು ಆಳವಾಗಿ ಬಲ್ಲವನು. 1848ರಲ್ಲಿ ಜರ್ಮನ್ ವಿದ್ವತ್ಪತ್ರಿಕೆಯೊಂದರಲ್ಲಿ ಕನ್ನಡ ಭಾಷೆ, ಸಾಹಿತ್ಯಗಳನ್ನು ಕುರಿತು ಲೇಖನ ಪ್ರಕಟಿಸಿದವನು.

ಅಂಥ ಪಂಡಿತನ ಎದುರಿಗೆ ಕುಳಿತದ್ದು ಎಮ್ಮೆ ಕಾಯುವ ಹಟ್ಟಿಯ ಮಕ್ಕಳು. ಹೊಲದ ಕೆಲಸಕ್ಕೂ ಮಂದೆಗೂ ಬೇಕಾದ ಹುಡುಗನನ್ನು ಶಾಲೆಗೆ ಕಳುಹಿಸುವುದೆಂದರೆ ಮನೆಯವರಿಗೆ ಒಂದು ಕೈ ಕಡಿಮೆಯಾದಂತೆ. ಅದರ ಮೇಲೆ ಜಾತಿ ಕೆಡುವ ಭಯ ಬೇರೆ. ಭಯ ನಿರಾಧಾರವೇನೂ ಅಲ್ಲ: ಶಾಲೆ ತೆರೆದವರ ಉದ್ದೇಶವೇ ಮತಪ್ರಚಾರ. ಆದರೂ ಮೊದಲ ಬಡಗನಿಗೆ ದೀಕ್ಷಾಸ್ನಾನವಾದದ್ದು 1858ರಲ್ಲಿ. ಹನ್ನೆರಡು ವರ್ಷ ಬಡಗರು ಪಾಠವನ್ನು ಕೇಳಿ, ಮತವನ್ನು ಬಾಗಿಲ ಹೊರಗೇ ನಿಲ್ಲಿಸಿದರು! ಈ ವಿವೇಕವನ್ನು ನಾವು ಮೆಚ್ಚಲೇಬೇಕು.

ಶಾಲೆಯ ಕೋಣೆಯಲ್ಲಿ ಇನ್ನೊಂದು ತೊಡಕಿತ್ತು. ಬಡಗ ಎಂದರೆ ಬಡಗಣದಿಂದ ಬಂದವನು. ಮೈಸೂರು ಕಡೆಯಿಂದ ಬಂದವರೆಂದೇ ಆ ಜನರ ಐತಿಹ್ಯ. ಮಾತು ಕನ್ನಡಕ್ಕೆ ಹತ್ತಿರವಾದುದರಿಂದ ಮಿಶನ್ನಿನವರು ಕನ್ನಡವನ್ನೇ ಕಲಿಕೆಯ ಭಾಷೆಯಾಗಿ ಹಿಡಿದರು. ಮಗುವಿಗೆ ಅದು ಮನೆಯ ಮಾತೂ ಅಲ್ಲ, ಪೂರ್ತಿ ಪರಭಾಷೆಯೂ ಅಲ್ಲ; ಉಪಾಧ್ಯಾಯನಿಗಂತೂ ಕಲಿತ ಭಾಷೆ. ಇಬ್ಬರೂ ತಮ್ಮ ತಮ್ಮ ಮನೆಯಿಂದ ಹೊರಗೆ ಬಂದು ಕನ್ನಡದಲ್ಲಿ ಭೇಟಿಯಾಗುತ್ತಿದ್ದರು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಓದಿದ ಕೊಯಮತ್ತೂರು, ತಿರುಪ್ಪೂರುಗಳ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕೇತಿಯಲ್ಲಿ ಮನೆಮಾತಿನ ಮೇಲೆ ಕುಳಿತ ದೊಡ್ಡ ಭಾಷೆ ನಮ್ಮ ಕನ್ನಡವೇ.

ಕೋಣೆಯಿಂದ ಹೊರಬಿದ್ದವನು ಯೊಹಾನ್ ಫ್ರೀಡ್ರಿಖ್ ಮೆಟ್ಸ್. ಹಟ್ಟಿಯಿಂದ ಹಟ್ಟಿಗೆ ನಡೆದು ಬಡಗ ಮಾತನ್ನೇ ಆಡಿದನು. ಬೆಟ್ಟದ ಬುಡಕಟ್ಟುಗಳ ಮೇಲೆ ಅವನು ಬರೆದ ಇಂಗ್ಲಿಷ್ ಪುಸ್ತಕದ ಎರಡನೆಯ ಮುದ್ರಣ 1864ರಲ್ಲಿ ಮಂಗಳೂರಿನಲ್ಲಿ ಆಯಿತು. ಆ ಜನರ ನಡೆನುಡಿಗಳ ಮೇಲೆ ಅವನ ತೀರ್ಪು ಹಲವೆಡೆ ಪಾದ್ರಿಯ ತೀರ್ಪೇ. ಕಿವಿ ಮಾತ್ರ ಚುರುಕು.

ಬಡಗದಲ್ಲಿ ಮೊದಲ ಪುಸ್ತಕ, ಲೂಕನ ಸುವಾರ್ತೆ, 1890ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ ಲಿಪಿಯಲ್ಲೇ ಬಂದಿತು. ಬಡಗವನ್ನು ಕನ್ನಡದ ಉಪಭಾಷೆಯೆನ್ನಲು ನಾವು ತೋರುವ ಆತುರಕ್ಕೆ ಇದೂ ಒಂದು ಸಮರ್ಥನೆಯಾಯಿತು. ಆದರೆ 1939ರಲ್ಲಿ ಭಾಷಾವಿಜ್ಞಾನಿ ಎಮನೋ ಬಡಗದ ಸ್ವರಗಳನ್ನು ವಿವರಿಸಿ, ನಾಲಿಗೆ ಹಿಂದಕ್ಕೆ ಮಡಿಚಿ ನುಡಿಯುವ ಸ್ವರಗಳು ಅಲ್ಲಿ ಎರಡು ಮಟ್ಟಗಳಲ್ಲಿವೆಯೆಂದು ತೋರಿಸಿದನು. ಆ ಸ್ವರಗಳಿಗೆ ನಮ್ಮ ಕಾಗುಣಿತದಲ್ಲಿ ಅಕ್ಷರವಿಲ್ಲ.