ಜೇಡರ ಬಲೆಯ ಮದುವೆ ಚಪ್ಪರ

ಜೇಡರ ಬಲೆ ಅಂದ ಕೂಡಲೇ ಅಣ್ಣಾವ್ರ ಸಿನಿಮಾ ನೆನಪಾದರೆ ಅದು ನಿಮ್ಮ ತಪ್ಪಲ್ಲ :-) ಆದರೆ ನಾನು ಹೇಳಹೊರಟಿರೋದು ನಿಜವಾದ ಜೇಡರ ಬಲೆಯ ವಿಷಯ. ಅದರಿಂದ ಮದುವೆಗೆ ಚಪ್ಪರ ಹಾಕಿಸಿದ ಒಬ್ಬ ಸಾಹುಕಾರನ ಕಥೆ.

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಸೇಂಟ್ ಮಾರ್ಟಿನ್‌ವಿಲ್ ಅಂತ ಒಂದು ಪುಟ್ಟ ಊರಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಚಾರ್ಲ್ಸ್ ಡುರಾಂಡ್ ಎಂಬ ತೋಟದ ಮಾಲೀಕನಿದ್ದ. ಅವನ ಮನೆಗೆ ಹೋಗುವ ದಾರಿಯ ಎರಡೂ ಬದಿಗೆ ಓಕ್ ಮತ್ತು ಪೈನ್ ಮರಗಳ ಸಾಲು. ಇಬ್ಬರು ಹೆಣ್ಣುಮಕ್ಕಳ ಮದುವೆ ಒಂದೇ ದಿನ ಅಂತ ನಿಶ್ಚಯವಾದಾಗ ಈ ಪುಣ್ಯಾತ್ಮ ಚೀನಾದಿಂದ ಜೇಡಗಳನ್ನು ತರಿಸಿ ಆ ಮರಗಳ ಮೇಲೆ ಬಿಡಿಸಿದನಂತೆ. ಅವು ದಾರಿಯುದ್ದಕ್ಕೂ ಬಲೆ ಹೆಣೆದವು. ಮದುವೆಯ ಬೆಳಿಗ್ಗೆ ಗುಲಾಮರು ತಿದಿ ಹಿಡಿದು, ಕ್ಯಾಲಿಫೋರ್ನಿಯಾದಿಂದ ತರಿಸಿದ ಚಿನ್ನ ಬೆಳ್ಳಿಯ ಪುಡಿಯನ್ನು ಆ ಬಲೆಗಳ ಮೇಲೆ ಊದಿದರಂತೆ. ವಧುಗಳು ಆ ಹೊಳೆಯುವ ಚಪ್ಪರದಡಿ ನಡೆದು ಬಂದರಂತೆ.

ಇಷ್ಟೊಂದು 'ಅಂತೆ' ಯಾಕೆ ಅಂದರೆ, ಇದು ದಂತಕಥೆ. ಜೇಡಗಳು ಚೀನಾದ್ದಲ್ಲ, ಹತ್ತಿರದ ಕಾಡಿನವೇ ಅಂತ ಹೇಳುವವರೂ ಇದ್ದಾರೆ. ಮರಗಳ ಸಾಲು ಮಾತ್ರ ನಿಜ, ಅದರ ಒಂದಿಷ್ಟು ಭಾಗ ಈಗಲೂ ಇದೆ. ಕಥೆ ಓದಿದವರೆಲ್ಲ ಚಿನ್ನದ ಪುಡಿಯ ಬಗ್ಗೆ ಬೆರಗಾಗ್ತಾರೆ. ನನಗೆ ಮಾತ್ರ ಆ ತಿದಿ ಹಿಡಿದವರು ತಲೆಯಿಂದ ಹೋಗಲೇ ಇಲ್ಲ. ಹಾಗಾಗಿ ಅಮೆರಿಕದ ದಕ್ಷಿಣದ ರಾಜ್ಯಗಳ ಮದುವೆ ಹೂವುಗಳ ಚರಿತ್ರೆ ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲು ಹೂವುಗಳ ವಿಚಾರ. ದಕ್ಷಿಣದ ಮದುವೆ ಅಂದರೆ ಮ್ಯಾಗ್ನೋಲಿಯ. 1900ರಲ್ಲಿ ಲೂಸಿಯಾನಾ, 1952ರಲ್ಲಿ ಮಿಸಿಸಿಪ್ಪಿ ಇದನ್ನು ತಮ್ಮ ರಾಜ್ಯಪುಷ್ಪ ಮಾಡಿಕೊಂಡವು. ಊಟದ ತಟ್ಟೆಯಷ್ಟು ದೊಡ್ಡ ಬಿಳಿ ಹೂವು, ಆದರೆ ಮುಟ್ಟಿದರೆ ಸಾಕು ಕಂದಿಹೋಗುತ್ತೆ. ಅದಕ್ಕೇ ಅಲಂಕಾರದಲ್ಲಿ ಹೂವಿಗಿಂತ ಎಲೆಯದೇ ಕಾರುಬಾರು. ಮೇಲೆ ಮಿರಮಿರ ಹಸಿರು, ಕೆಳಗೆ ಮಖಮಲ್ಲಿನಂಥ ಕಂದು ಬಣ್ಣ. ನಾವು ಮಾವಿನೆಲೆ ತೋರಣ ಕಟ್ಟುವ ಹಾಗೆ ಅವರು ಈ ಎಲೆಗಳನ್ನು ಬಾಗಿಲಿಗೆ, ಮೆಟ್ಟಿಲ ಕಟಕಟೆಗೆ ಸುತ್ತುತ್ತಾರೆ. ಅಂದ ಹಾಗೆ ನಮ್ಮ ಸಂಪಿಗೆಯೂ ಇದೇ ಕುಲದ್ದು. ಸಸ್ಯಶಾಸ್ತ್ರಜ್ಞರು ಮೈಕೇಲಿಯ ಅನ್ನೋ ಹಳೇ ಹೆಸರು ತೆಗೆದು ಈಗ ಅದನ್ನು ಮ್ಯಾಗ್ನೋಲಿಯ ಚಂಪಕ ಅಂತ ಕರೀತಾರೆ. ಮಲ್ಲೇಶ್ವರದ ಸಂಪಿಗೆ ರಸ್ತೆಯವರು ಹೆಮ್ಮೆಪಡಬಹುದು!

ಇನ್ನೊಂದು ಗಾರ್ಡೀನಿಯ. ದಕ್ಷಿಣದವರು ಅದಕ್ಕೆ ಕೇಪ್ ಜಾಸ್ಮಿನ್ ಅಂತಿದ್ದರು. ತಮಾಷೆ ಏನಂದರೆ ಅದು ಕೇಪ್ ಆಫ್ ಗುಡ್ ಹೋಪ್‌ನದೂ ಅಲ್ಲ, ಮಲ್ಲಿಗೆಯೂ ಅಲ್ಲ. ಪೂರ್ವ ಏಷ್ಯಾದ ಗಿಡ, ನಮ್ಮ ಕಾಫಿಯ ಕುಟುಂಬದ್ದು. ಹೆಸರು ಬಂದದ್ದು ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್ಟನ್‌ನಲ್ಲಿ ವೈದ್ಯನಾಗಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬ ಸ್ಕಾಟ್‌ಲೆಂಡಿನವನಿಂದ. ಅವನ ಗೆಳೆಯ ಜಾನ್ ಎಲ್ಲಿಸ್ ಒತ್ತಾಯ ಮಾಡಿ ಲಿನೇಯಸ್‌ನಿಂದ ಈ ಹೆಸರು ಇಡಿಸಿದ. ಅಮೆರಿಕ ಸ್ವತಂತ್ರವಾದಾಗ ಗಾರ್ಡನ್ ಬ್ರಿಟಿಷರ ಪಕ್ಷದವನಾಗಿದ್ದರಿಂದ ಊರು ಬಿಡಬೇಕಾಯ್ತು, ಹೂವು ಅಲ್ಲೇ ಉಳೀತು.

ಮೂರನೇದು ಕಿತ್ತಳೆ ಹೂವು. 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಕಿತ್ತಳೆ ಹೂವಿನ ದಂಡೆ ಮುಡಿದದ್ದೇ ಮುಡಿದದ್ದು, ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ಅದು ಫ್ಯಾಷನ್ ಆಯ್ತು. ಚಳಿಯ ಊರಿನವರಿಗೆ ಮೇಣದ ಹೂವೇ ಗತಿ. ಫ್ಲೋರಿಡಾ, ಲೂಸಿಯಾನಾದಲ್ಲಿ ತೋಟಗಳೇ ಇದ್ದವು. ಫ್ಲೋರಿಡಾ 1909ರಲ್ಲಿ ಇದನ್ನೇ ರಾಜ್ಯಪುಷ್ಪ ಮಾಡಿಕೊಂಡಿತು.

ಇವೆಲ್ಲಕ್ಕೂ ಹಿನ್ನೆಲೆಯಾಗಿ ನಿಲ್ಲೋದು ಸ್ಮೈಲಾಕ್ಸ್ ಅನ್ನೋ ಕಾಡುಬಳ್ಳಿ. ಕಿತ್ತ ಮೇಲೂ ನೀರಿಲ್ಲದೆ ದಿನಗಟ್ಟಲೆ ಹಸಿರಾಗಿರುತ್ತೆ. ಅಲಬಾಮಾದ ಎವರ್‌ಗ್ರೀನ್ (ಹೆಸರೇ ನೋಡಿ!) ಎಂಬ ಊರಿನಿಂದ 19ನೇ ಶತಮಾನದ ಕೊನೆಯ ಹೊತ್ತಿಗೆ ಇದನ್ನು ಪೆಟ್ಟಿಗೆಗಳಲ್ಲಿ ತುಂಬಿ ರೈಲಿನಲ್ಲಿ ದೂರದೂರದ ನಗರಗಳಿಗೆ ಕಳಿಸುತ್ತಿದ್ದರು.

ಇಲ್ಲಿಯವರೆಗೆ ಎಲ್ಲಾ ಚೆಂದ. ಈಗ ಕೈಗಳ ವಿಚಾರ.

ಚಾರ್ಲ್ಸ್ಟನ್ ಹತ್ತಿರದ ಮಿಡಲ್‌ಟನ್ ಪ್ಲೇಸ್ ಅಮೆರಿಕದ ಬಹಳ ಹಳೆಯ ಉದ್ಯಾನಗಳಲ್ಲೊಂದು. 1741ರಲ್ಲಿ ಶುರುವಾದದ್ದು. 100 ಮಂದಿ ಗುಲಾಮರು 10 ವರ್ಷ ದುಡಿದು ಅದನ್ನು ಕಟ್ಟಿದರು ಅಂತ ಪ್ರತೀತಿ. ಹೀಗೆ ಗಿಡ ನೆಟ್ಟವರಿಗೆ, ಹೂವು ಕೊಯ್ದವರಿಗೆ, ಧಣಿಯ ಮಗಳ ಮದುವೆಗೆ ಅಲಂಕಾರ ಮಾಡಿದವರಿಗೆ ತಮ್ಮದೇ ಒಂದು ಮದುವೆ ಅನ್ನೋದು ಕಾನೂನಿನ ಕಣ್ಣಲ್ಲಿ ಇರಲೇ ಇಲ್ಲ. ಗುಲಾಮ ಗಂಡು ಹೆಣ್ಣು ಜೊತೆಯಾಗಬಹುದಿತ್ತು, ಪೊರಕೆ ಹಾರಿ ಮದುವೆ ಅಂದುಕೊಳ್ಳಬಹುದಿತ್ತು. ಆದರೆ ಧಣಿ ಗಂಡನನ್ನು ಒಂದೂರಿಗೆ, ಹೆಂಡತಿಯನ್ನು ಇನ್ನೊಂದೂರಿಗೆ ಮಾರಿದರೆ ಕೇಳೋರಿಲ್ಲ. 1865ರಲ್ಲಿ ಯುದ್ಧ ಮುಗಿದು ಬಿಡುಗಡೆ ಸಿಕ್ಕ ಮೇಲೆ, ಎಷ್ಟೋ ವರ್ಷಗಳಿಂದ ಸಂಸಾರ ಮಾಡಿದ್ದ ಜೋಡಿಗಳು ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಸರ್ಕಾರಿ ಕಚೇರಿಗೆ ಹೋಗಿ ಮದುವೆ ದಾಖಲಿಸಿಕೊಂಡವು. ನನಗಂತೂ ದಕ್ಷಿಣದ ಮದುವೆಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಭ್ರಮ ಅದೇ ಅನ್ನಿಸುತ್ತೆ. ಒಂದೆಳೆ ಹೂವು ಇರದಿದ್ದರೂ.

ಮುಂದೆಯೂ ಹೂವಿನ ಕೆಲಸ ಅವರ ಕೈಯಲ್ಲೇ ಇತ್ತು. 20ನೇ ಶತಮಾನದ ಮೊದಲರ್ಧದಲ್ಲಿ ಚಾರ್ಲ್ಸ್ಟನ್‌ನ ಬೀದಿಗಳಲ್ಲಿ ಕಪ್ಪು ಹೂವಾಡಗಿತ್ತಿಯರು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಲು ಹೊರಟಾಗ ಎಲಿಜಬೆತ್ ಓನೀಲ್ ವರ್ನರ್ ಎಂಬ ಕಲಾವಿದೆ ಅವರ ಪರ ನಿಂತಳು. ಅವರ ಚಿತ್ರಗಳನ್ನೂ ಬಹಳಷ್ಟು ಬರೆದಳು. ಚಿತ್ರ ಬರೆದವಳ ಹೆಸರು ನಮಗೆ ಗೊತ್ತು. ಬುಟ್ಟಿ ಹೊತ್ತವರಲ್ಲಿ ಎಷ್ಟು ಜನರ ಹೆಸರು ಗೊತ್ತು?

ಹೆಸರು ಉಳಿದ ಒಬ್ಬಳ ಕಥೆ ಹೇಳಲೇಬೇಕು. ಆನ್ ಲೋ. ಅಲಬಾಮಾದ ಕ್ಲೇಟನ್‌ನವಳು. ಅಜ್ಜಿ ಗುಲಾಮಳಾಗಿ ಹುಟ್ಟಿದವಳು, ಆಮೇಲೆ ಅಜ್ಜಿ ಮತ್ತು ಅಮ್ಮ ಇಬ್ಬರೂ ಊರಿನ ಸಿರಿವಂತ ಹೆಂಗಸರಿಗೆ ಬಟ್ಟೆ ಹೊಲಿಯುತ್ತಿದ್ದರು. ಉಳಿದ ಚಿಂದಿಯಲ್ಲಿ ಈ ಹುಡುಗಿ ಹೂವು ಮಾಡುತ್ತಾ ಕೂರುತ್ತಿದ್ದಳು, ಅಮ್ಮನ ತೋಟದ ಹೂವುಗಳನ್ನು ನೋಡಿಕೊಂಡು. ಆ ಬಟ್ಟೆಯ ಹೂವೇ ಮುಂದೆ ಅವಳ ಗುರುತಾಯ್ತು. 1953ರ ಸೆಪ್ಟೆಂಬರ್ 12ರಂದು ಜಾಕ್ವೆಲಿನ್ ಬೂವಿಯೇ ಜಾನ್ ಕೆನಡಿಯನ್ನು ಮದುವೆಯಾದಾಗ ಉಟ್ಟ ಉಡುಪು ಹೊಲಿದವಳು ಇವಳೇ. ಮದುವೆಗೆ ಹತ್ತೇ ದಿನ ಇರುವಾಗ ಅಂಗಡಿಯಲ್ಲಿ ನೀರಿನ ಪೈಪು ಒಡೆದು, ವಧುವಿನ ಉಡುಪೂ ಸೇರಿ ಹೆಚ್ಚಿನವು ಹಾಳಾದವು. ವಧುವಿನ ಮನೆಯವರಿಗೆ ಒಂದು ಮಾತೂ ಹೇಳದೆ, ತನ್ನ ಕೈಯಿಂದ ದುಡ್ಡು ಹಾಕಿ ಹಗಲೂ ರಾತ್ರಿ ಕೂತು ಮತ್ತೆ ಹೊಲಿದು ಕೊಟ್ಟಳು. ಮದುವೆ ಸುದ್ದಿ ಎಲ್ಲಾ ಪತ್ರಿಕೆಗಳಲ್ಲೂ ಬಂತು, ಅವಳ ಹೆಸರು ಹೆಚ್ಚಿನವರು ಹಾಕಲಿಲ್ಲ. 1981ರಲ್ಲಿ ತೀರಿಕೊಂಡಳು. ಡೆಲವೇರ್‌ನ ವಿಂಟರ್‌ಥರ್ ಸಂಗ್ರಹಾಲಯ ಅವಳ ಉಡುಪುಗಳ ದೊಡ್ಡ ಪ್ರದರ್ಶನ ಮಾಡಿದ್ದು 2023ರಲ್ಲಿ.

ಈಗಿನ ದಕ್ಷಿಣದ ಮದುವೆಗೆ ಬರುವ ಗುಲಾಬಿ ಹೆಚ್ಚಾಗಿ ಕೊಲಂಬಿಯಾ, ಈಕ್ವೆಡಾರ್‌ನದು. ಮಯಾಮಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೆ. ಹೂವು ಬದಲಾಯ್ತು, ಆದರೆ ಮದುವೆ ಮಾಡುವ ಜಾಗ? ಹಳೆಯ ತೋಟದ ಬಂಗಲೆಗಳೇ ಬಾಡಿಗೆ ಛತ್ರಗಳಾದವು. ಫೋಟೋಗೆ ಅಷ್ಟು ಚೆನ್ನಾಗಿರುತ್ತೆ ನೋಡಿ. 2012ರಲ್ಲಿ ನಟ ರಯಾನ್ ರೆನಾಲ್ಡ್ಸ್ ಮತ್ತು ನಟಿ ಬ್ಲೇಕ್ ಲೈವ್ಲಿ ಚಾರ್ಲ್ಸ್ಟನ್ ಹತ್ತಿರದ ಬೂನ್ ಹಾಲ್‌ನಲ್ಲಿ ಮದುವೆಯಾದರು, 2020ರಲ್ಲಿ ರೆನಾಲ್ಡ್ಸ್ ಅದಕ್ಕೆ ಪಶ್ಚಾತ್ತಾಪ ವ್ಯಕ್ತಪಡಿಸಿದ. ಇಂಥ ಜಾಗಗಳನ್ನು ಮದುವೆಗೆ ಅಂತ ಪ್ರಚಾರ ಮಾಡುವುದನ್ನು ಕಡಿಮೆ ಮಾಡ್ತೀವಿ ಅಂತ 2019ರ ಡಿಸೆಂಬರ್‌ನಲ್ಲಿ ಪಿಂಟರೆಸ್ಟ್ ಮತ್ತು ದಿ ನಾಟ್ ಹೇಳಿದವು. 2017ರಲ್ಲಿ ನ್ಯಾಶ್‌ವಿಲ್‌ನ ಲಿಪ್ಸ್‌ಕೂಂಬ್ ವಿಶ್ವವಿದ್ಯಾಲಯದ ಅಧ್ಯಕ್ಷರು ಕಪ್ಪು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದಾಗ ಮೇಜಿನ ಮೇಲೆ ಹತ್ತಿ ಗಿಡದ ಕಡ್ಡಿಗಳ ಅಲಂಕಾರ ಇತ್ತು. ಅಧ್ಯಕ್ಷರು ಕ್ಷಮೆ ಕೇಳಬೇಕಾಯ್ತು. ಅದೇ ಹತ್ತಿ ಕಡ್ಡಿ ಎಷ್ಟೋ ದಕ್ಷಿಣದ ಮದುವೆಗಳಲ್ಲಿ ಹಳ್ಳಿ ಸೊಗಡು ಅಂತ ವಧುವಿನ ಕೈಯ ಹೂಗುಚ್ಛಕ್ಕೂ ಸೇರುತ್ತೆ. ಒಬ್ಬರಿಗೆ ಅದು ಚೆಂದದ ಬಿಳಿ ಉಂಡೆ, ಇನ್ನೊಬ್ಬರಿಗೆ ಅಜ್ಜನ ಬೆರಳು ಸೀಳಿದ ಮುಳ್ಳು.

2025ರ ಮೇ 15ರಂದು ಲೂಸಿಯಾನಾದ ನಾಟೊವೇ ಬಂಗಲೆ ಸುಟ್ಟುಹೋಯ್ತು. 1859ರಲ್ಲಿ ಕಟ್ಟಿ ಮುಗಿಸಿದ್ದು, ಮದುವೆಗಳಿಗೆ ಹೆಸರಾದದ್ದು. ಅಲ್ಲಿ ಮದುವೆಯಾದವರು ಕಣ್ಣೀರಿಟ್ಟರು, ಗುಲಾಮರ ವಂಶದವರಲ್ಲಿ ಕೆಲವರು ಖುಷಿಪಟ್ಟರು. ಇಬ್ಬರನ್ನೂ ನಾನು ಬೈಯಲಾರೆ. ಮದುವೆಯ ಹೆಣ್ಣು ಹೂವು ಬಯಸೋದರಲ್ಲಿ ಏನು ತಪ್ಪು? ಮ್ಯಾಗ್ನೋಲಿಯ ಏನು ಪಾಪ ಮಾಡಿದೆ? ಆದರೆ ಅಲಂಕಾರದ ಕೆಲಸವೇ ಒಂದಿಷ್ಟನ್ನು ಮುಚ್ಚುವುದು. ಕಂಬದ ಗಂಟು, ಗೋಡೆಯ ಬಿರುಕು, ಹಾಗೇ ಕೆಲವು ಹೆಸರುಗಳನ್ನೂ.

ನಮ್ಮ ಮದುವೆಗಳಲ್ಲೂ ಮಂಟಪ ಕಟ್ಟಿದವರು, ರಾತ್ರಿಯಿಡೀ ಹಾರ ಕಟ್ಟಿದವರು ಮುಹೂರ್ತದ ಹೊತ್ತಿಗೆ ಎಲ್ಲಿರುತ್ತಾರೆ ಅಂತ ಯೋಚಿಸಿದ್ದೀರಾ? ಆಲ್ಬಮ್ ತಿರುವಿ ಹಾಕಿ ಹುಡುಕಿ ನೋಡಿ. ಒಬ್ಬರಾದರೂ ಸಿಕ್ಕರೆ ನನಗೂ ಹೇಳಿ.